ಬ್ಯಾಂಕಾಕ್‌ನ ಓಣಿಯ ಅನ್ನದಂಗಡಿಯಲ್ಲಿ ಊಟ ಮಾಡುವ ಕ್ರಮ

ಬ್ಯಾಂಕಾಕ್‌ಗೆ ಹೋಗಿಬಂದ ಕನ್ನಡಿಗರಲ್ಲಿ ಅನೇಕರು ಥಾಯ್ ಊಟವನ್ನು ಹೋಟೆಲಿನ ತಂಪು ಕೋಣೆಯಲ್ಲಿ ಇಂಗ್ಲಿಷ್ ಮೆನು ನೋಡಿ ತರಿಸಿಕೊಂಡಿರುತ್ತಾರೆ, ಇಲ್ಲವೇ ಪ್ರವಾಸಿಗರು ಕಿಕ್ಕಿರಿಯುವ ರಾತ್ರಿ ಸಂತೆಯಲ್ಲಿ ನಿಂತು ತಿಂದಿರುತ್ತಾರೆ. ಆ ಊರಿನ ಜನ ದಿನವೂ ಉಣ್ಣುವ ಊಟ ಇರುವುದು ಬೇರೆ ಕಡೆ. ಮುಖ್ಯರಸ್ತೆಯಿಂದ ಒಳಕ್ಕೆ ತಿರುಗುವ, ಅಲ್ಲಿಯವರು ‘ಸೋಯ್’ ಎಂದು ಕರೆಯುವ ಓಣಿಗಳಲ್ಲಿ, ಕೆಳಗೆ ಅಂಗಡಿ ಮೇಲೆ ಮನೆ ಇರುವ ಸಾಲುಕಟ್ಟಡಗಳ ನೆಲಮಹಡಿಯಲ್ಲಿ, ಐದಾರು ಮೇಜು ಹಾಕಿಕೊಂಡು ಒಂದೇ ಕುಟುಂಬದವರು ನಡೆಸುವ ಸಣ್ಣ ಅಂಗಡಿಗಳಲ್ಲಿ ಅದು ಸಿಗುತ್ತದೆ. ಅಂಥ ಅಂಗಡಿಗೆ ಮೊದಲ ಬಾರಿ ಕಾಲಿಡುವವರಿಗಾಗಿ ಈ ಬರಹ. ಅಲ್ಲಿ ಫಲಕ ಓದಲು ಬಾರದಿದ್ದರೆ ತೊಂದರೆಯಿಲ್ಲ, ಬೆರಳು ತೋರಿಸಿ ಕೇಳಬಹುದು. ಆದರೆ ಯಾವುದರ ಜೊತೆಗೆ ಯಾವುದನ್ನು ಆರಿಸಬೇಕೆಂಬುದು ಗೊತ್ತಿಲ್ಲದಿದ್ದರೆ, ಒಂದೊಂದೂ ರುಚಿಯಾಗಿರುವ ಅಡುಗೆಗಳು ಸೇರಿ ಒಟ್ಟಿನಲ್ಲಿ ಊಟ ಕೆಡುತ್ತದೆ.

ಮೊದಲು ಎರಡು ಬಗೆಯ ಅಂಗಡಿಗಳನ್ನು ಬೇರೆಬೇರೆಯಾಗಿ ಗುರುತಿಸಬೇಕು. ಬೆಳಗ್ಗೆಯೇ ಹತ್ತು ಇಪ್ಪತ್ತು ಬಗೆ ಅಡುಗೆ ಮಾಡಿ, ಅಗಲವಾದ ತಟ್ಟೆ ಬೋಗುಣಿಗಳಲ್ಲಿ ತುಂಬಿ, ಬೀದಿಗೆ ಕಾಣುವಂತೆ ಗಾಜಿನ ಹಿಂದೆ ಸಾಲಾಗಿ ಇಟ್ಟಿದ್ದರೆ ಅದು ‘ಖಾವ್ ಕ್ಯಾಂಗ್’ ಅಂಗಡಿ. ಖಾವ್ ಎಂದರೆ ಅನ್ನ, ಕ್ಯಾಂಗ್ ಎಂದರೆ ಸಾರು, ಹುಳಿ, ಗಸಿಗಳೆಲ್ಲವನ್ನೂ ಒಳಗೊಳ್ಳುವ ಹೆಸರು. ಹಾಗಲ್ಲದೆ ಹಸಿ ಮಾಂಸ, ಸೊಪ್ಪು, ಮೊಟ್ಟೆಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, ದೊಡ್ಡ ಉರಿಯ ಮೇಲೆ ಬಾಣಲೆಯಿಟ್ಟುಕೊಂಡು, ನಾವು ಕೇಳಿದ ಮೇಲೆ ಹುರಿದುಕೊಡುವುದಾದರೆ ಅದು ‘ಆಹಾನ್ ತಾಮ್ ಸಂಗ್’, ಅಂದರೆ ಹೇಳಿದಂತೆ ಮಾಡಿಕೊಡುವ ಊಟದ ಅಂಗಡಿ. ಈ ‘ಆಹಾನ್’ ನಮ್ಮ ‘ಆಹಾರ’ವೇ ಆಗಿದೆ; ಸಂಸ್ಕೃತ, ಪಾಲಿ ಭಾಷೆಗಳಿಂದ ಥಾಯ್ ಭಾಷೆಗೆ ಹೋದ ಇಂಥ ಪದಗಳು ಬಹಳ, ಮುಂದೆ ಇನ್ನೂ ಕೆಲವು ಬರುತ್ತವೆ. ಮನೆಯಡುಗೆಯ ರುಚಿ ಎರಡು ಕಡೆಯೂ ಇದೆ. ಆದರೂ ಹೊಸಬರು ಖಾವ್ ಕ್ಯಾಂಗ್‌ನಿಂದ ಆರಂಭಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ, ಏಕೆಂದರೆ ಅಲ್ಲಿ ಹೆಸರು ಗೊತ್ತಿರಬೇಕಾಗಿಲ್ಲ, ಎಲ್ಲವೂ ಕಣ್ಣೆದುರಿಗೇ ಇರುತ್ತದೆ.

ಇನ್ನೊಂದು ಮಾತನ್ನು ಆರಂಭದಲ್ಲೇ ಹೇಳಬೇಕು. ಹೊರದೇಶಗಳಲ್ಲಿ ಥಾಯ್ ಊಟವೆಂದರೆ ಮೊದಲು ನೆನಪಾಗುವ ಪದ್ ಥಾಯ್ ಎಂಬ ಹುರಿದ ನೂಡಲ್ಸ್ ಇಲ್ಲಿ ಬಹುಮಟ್ಟಿಗೆ ಸಿಗುವುದಿಲ್ಲ. ಅದು ಅದನ್ನೇ ಮಾಡುವವರ ಪ್ರತ್ಯೇಕ ಗಾಡಿ, ಅಂಗಡಿಗಳ ತಿನಿಸು. ನೂಡಲ್ಸ್‌ನ ಅಂಗಡಿ ಬೇರೆ, ಅನ್ನದ ಅಂಗಡಿ ಬೇರೆ. ಅನ್ನದಂಗಡಿಗೆ ಹೋಗಿ ಪದ್ ಥಾಯ್ ಕೇಳಿದರೆ ಅವರು ನಗುಮುಖದಿಂದಲೇ ಇಲ್ಲವೆನ್ನುತ್ತಾರೆ, ಆದರೆ ಎದುರಿಗಿರುವ ಹದಿನೈದು ಬಗೆ ಅಡುಗೆಯನ್ನು ನಾವು ನೋಡಲೇ ಇಲ್ಲವೆಂಬುದು ಅವರಿಗೂ ತಿಳಿಯುತ್ತದೆ.

ಅಂಗಡಿ ಮತ್ತು ಹೊತ್ತು

ಖಾವ್ ಕ್ಯಾಂಗ್ ಅಂಗಡಿಯ ದಿನ ಬೆಳಕು ಹರಿಯುವ ಮೊದಲೇ ಆರಂಭವಾಗುತ್ತದೆ. ಬೆಳಗಿನ ಭಿಕ್ಷೆಗೆ ಬರುವ ಬೌದ್ಧ ಭಿಕ್ಷುಗಳಿಗೆ ನೀಡಲೆಂದು ಜನ ಇಲ್ಲಿಂದಲೇ ಅನ್ನ, ಮೇಲೋಗರಗಳ ಪೊಟ್ಟಣಗಳನ್ನು ಕೊಂಡೊಯ್ಯುತ್ತಾರೆ. ಆಮೇಲೆ ಕೆಲಸಕ್ಕೆ ಹೋಗುವವರು ಬರುತ್ತಾರೆ. 12 ಗಂಟೆಯಿಂದ 1 ಗಂಟೆಯವರೆಗೆ ಕಚೇರಿಗಳ ಊಟದ ಬಿಡುವು, ಆಗ ಕೂರಲು ಜಾಗ ಸಿಗುವುದೇ ಕಷ್ಟ. ಹಗಲಿನ ಅಂಗಡಿಗಳಲ್ಲಿ ಮಧ್ಯಾಹ್ನ 2ರ ಹೊತ್ತಿಗೆ ಬೋಗುಣಿಗಳ ತಳ ಕಾಣತೊಡಗುತ್ತದೆ. ಆದ್ದರಿಂದ 11 ಗಂಟೆಯ ಆಸುಪಾಸಿಗೆ ಹೋಗುವುದು ಎಲ್ಲ ರೀತಿಯಿಂದಲೂ ಮೇಲು: ಎಲ್ಲ ಬಗೆಯೂ ಇರುತ್ತವೆ, ಬಡಿಸುವವರಿಗೆ ನಮ್ಮೊಡನೆ ಮಾತಾಡಲು ಪುರುಸೊತ್ತು ಇರುತ್ತದೆ, ಮತ್ತು ಅಡುಗೆ ಇನ್ನೂ ತಾಜಾ ಆಗಿರುತ್ತದೆ. ಈ ಕೊನೆಯ ಕಾರಣವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಅಲ್ಲಿಯ ಸೆಕೆಯಲ್ಲಿ ತೆಂಗಿನಹಾಲಿನ ಗಸಿ ಬಹಳ ಹೊತ್ತು ಹೊರಗಿದ್ದರೆ ಹುಳಿಯುತ್ತದೆ ಎಂಬುದನ್ನು ನಮ್ಮ ಕರಾವಳಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಒಳ್ಳೆಯ ಅಂಗಡಿಯನ್ನು ಹುಡುಕಲು ಆಸ್ಪತ್ರೆ, ವಿಶ್ವವಿದ್ಯಾಲಯ, ಸರ್ಕಾರಿ ಕಚೇರಿ ಅಥವಾ ತರಕಾರಿ ಮಾರುಕಟ್ಟೆಯ ಹಿಂದಿನ ಓಣಿಗಳಲ್ಲಿ ನಡೆದಾಡಬೇಕು. ಕೂತು ಉಣ್ಣುವವರಿಗಿಂತಲೂ ಪೊಟ್ಟಣ ಕಟ್ಟಿಸಿಕೊಂಡು ಮನೆಗೆ ಒಯ್ಯುವವರು ಎಷ್ಟಿದ್ದಾರೆಂಬುದನ್ನು ಗಮನಿಸಿ, ಏಕೆಂದರೆ ಸ್ವಂತ ಮಕ್ಕಳಿಗೆ, ಮುದುಕರಿಗೆ ಉಣಬಡಿಸುವ ಅಡುಗೆಯನ್ನು ಯಾರೂ ಕಣ್ಣುಮುಚ್ಚಿ ಕೊಳ್ಳುವುದಿಲ್ಲ. ಕೆಲಸಕ್ಕೆ ಹೋಗಿ ಸಂಜೆ ಹೀಗೆ ಅಡುಗೆ ಕೊಂಡು ಮನೆಗೆ ಮರಳುವ ಗೃಹಿಣಿಯರಿಗೆ ‘ಪ್ಲಾಸ್ಟಿಕ್ ಚೀಲದ ಗೃಹಿಣಿ’ ಎಂಬ ಮಾತೇ ಥಾಯ್ ಭಾಷೆಯಲ್ಲಿದೆ. ಗೋಡೆಯ ಮೇಲೆ ಬಟ್ಟಲಿನ ಚಿತ್ರವಿರುವ ಹಳೆಯ ಫಲಕ ಕಂಡರೆ ಅದು 1961ರಲ್ಲಿ ಆಹಾರ ವಿಮರ್ಶಕ ಎಂ. ಆರ್. ಥನದ್‌ಶ್ರೀ ಸ್ವಸ್ತಿ ಅವರು ಆರಂಭಿಸಿದ, ರುಚಿಯಾದ ಊಟದ ಅಂಗಡಿಗಳಿಗೆ ಕೊಡುವ ‘ಶೆಲ್ ಛುವನ್ ಛಿಮ್’ ಮನ್ನಣೆಯ ಗುರುತು. ಅದು ಇದ್ದರೆ ಸಂತೋಷ, ಇಲ್ಲದಿದ್ದರೆ ಅದರಿಂದ ಏನನ್ನೂ ತೀರ್ಮಾನಿಸಬೇಡಿ.

ಅಂಗಡಿಯ ಹೊರಗೆ ‘ಪಾಕ್ ತಾಯ್’, ಅಂದರೆ ದಕ್ಷಿಣ ಪ್ರಾಂತದ ಅಡುಗೆ ಎಂದಿದ್ದರೆ ಸ್ವಲ್ಪ ಎಚ್ಚರ ಬೇಕು. ಅರಿಸಿನ ಹೆಚ್ಚಿರುವುದರಿಂದ ಆ ಅಡುಗೆಗಳ ಬಣ್ಣ ನಮಗೆ ಪರಿಚಿತವೆನಿಸುತ್ತದೆ, ಆದರೆ ಖಾರ ಮಾತ್ರ ಥಾಯ್ ಅಡುಗೆಯಲ್ಲೇ ಅತಿ ತೀಕ್ಷ್ಣವಾದುದು. ಮೀನಿನ ಒಳಭಾಗಗಳನ್ನು ಹುದುಗಿಸಿ ಮಾಡುವ ‘ಕ್ಯಾಂಗ್ ತಾಯ್ ಪ್ಲಾ’ವನ್ನು ಮೊದಲ ದಿನವೇ ತೆಗೆದುಕೊಳ್ಳಬೇಡಿ. ಅಲ್ಲಿ ಮೇಜಿನ ಮೇಲೆ ಹಸಿ ಸೊಪ್ಪು, ಸೌತೆಕಾಯಿ, ಅಲಸಂದೆಗಳ ತಟ್ಟೆ ಇಟ್ಟಿರುವುದು ಅಂದಕ್ಕಾಗಿ ಅಲ್ಲ, ಆ ಖಾರದ ನಡುವೆ ನಾಲಿಗೆಗೆ ಬಿಡುವು ಕೊಡಲು.

ಕರೆಯುವ ಬಗೆ, ಕೇಳುವ ಬಗೆ

ಥಾಯ್ ಜನ ಅಂಗಡಿಯವರನ್ನು ನಮ್ಮಂತೆಯೇ ಬಳಗದ ಹೆಸರಿನಿಂದ ಕರೆಯುತ್ತಾರೆ. ನಮಗಿಂತ ತುಸು ಹಿರಿಯರಾದ ಅಕ್ಕ, ಅಣ್ಣ ಇಬ್ಬರಿಗೂ ‘ಫೀ’, ಕಿರಿಯರಿಗೆ ‘ನೋಂಗ್’, ತಾಯಿಯ ವಯಸ್ಸನ್ನು ದಾಟಿದ ಹೆಂಗಸಿಗೆ ‘ಪಾ’, ಅದೇ ವಯಸ್ಸಿನ ಗಂಡಸಿಗೆ ‘ಲುಂಗ್’. ಪಾ ಎಂದರೆ ತಾಯಿಯ ಅಥವಾ ತಂದೆಯ ಅಕ್ಕ, ಲುಂಗ್ ಎಂದರೆ ಅವರ ಅಣ್ಣ. ವಯಸ್ಸಿನ ಅಂದಾಜು ಸಿಗದಿದ್ದರೆ ‘ಫೀ’ ಎಂದುಬಿಡುವುದು ಕ್ಷೇಮ. ಮಾತಿನ ಕೊನೆಗೆ ಗಂಡಸರು ‘ಖ್ರಪ್’ ಎಂದೂ ಹೆಂಗಸರು ‘ಖಾ’ ಎಂದೂ ಸೇರಿಸಿದರೆ ಅದು ನಮ್ಮ ‘ರೀ’ಯಂತೆ ಮರ್ಯಾದೆಯನ್ನು ತುಂಬುತ್ತದೆ. ಹತ್ತಾರು ವಾಕ್ಯಗಳನ್ನು ಕಂಠಪಾಠ ಮಾಡುವುದಕ್ಕಿಂತ ಈ ಎರಡು ಸಂಗತಿಗಳನ್ನು ಕಲಿತು ಹೋಗುವುದರಿಂದ ಹೆಚ್ಚಿನ ಪ್ರಯೋಜನವಿದೆ. ಎರಡನೆಯ ಸಲ ಹೋದಾಗ ಅವರೇ ‘ಕಿನ್ ಖಾವ್ ರೂ ಯಂಗ್’ ಎಂದು ಕೇಳಬಹುದು. ನಾವು ಎದುರಾದವರನ್ನು ‘ಊಟ ಆಯಿತೇ’ ಎಂದು ಕೇಳುವಂತೆಯೇ ಅದೂ ಕುಶಲಪ್ರಶ್ನೆ.

ಉಚ್ಚಾರಣೆಯಲ್ಲಿ ಕನ್ನಡಿಗರಿಗೆ ಒಂದು ಅನುಕೂಲವಿದೆ. ಇಂಗ್ಲಿಷ್ ಅಕ್ಷರಗಳಲ್ಲಿ ಗೊಂದಲವಾಗುವ ಅಲ್ಪಪ್ರಾಣ, ಮಹಾಪ್ರಾಣಗಳ ಭೇದ ಥಾಯ್ ಭಾಷೆಯಲ್ಲಿ ಸ್ಪಷ್ಟವಾಗಿದೆ, ಮತ್ತು ನಮ್ಮ ಲಿಪಿ ಅದನ್ನು ಹಾಗೆಯೇ ಹಿಡಿದುಕೊಡುತ್ತದೆ. ‘ಫೆತ್’ ಎಂದರೆ ಖಾರ, ‘ಪೆತ್’ ಎಂದರೆ ಬಾತುಕೋಳಿ. ಈ ಬರಹದಲ್ಲಿ ಬರುವ ಫಕಾರವನ್ನು ಇಂಗ್ಲಿಷಿನ ಎಫ್‌ನಂತೆ ಓದದೆ, ‘ಫಲ’ ಎಂಬಲ್ಲಿ ಹಿರಿಯರು ಉಚ್ಚರಿಸುವಂತೆ ತುಟಿ ಮುಚ್ಚಿ, ಉಸಿರು ಬಿಟ್ಟು ಹೇಳಬೇಕು. ಸ್ವರದ ಏರಿಳಿತಗಳನ್ನು ನಮ್ಮ ಲಿಪಿ ತೋರಿಸಲಾರದು, ಅದಕ್ಕೆ ಅವರ ಬಾಯಿಂದ ಒಮ್ಮೆ ಕೇಳಿ ಹಾಗೆಯೇ ಹೇಳುವುದೇ ದಾರಿ.

ಬೋಗುಣಿಗಳ ಮುಂದೆ ನಿಂತಾಗ ಮೊದಲು ಅವರು ಕೇಳುವುದು ಇಲ್ಲೇ ಉಣ್ಣುವಿರೋ ಮನೆಗೆ ಒಯ್ಯುವಿರೋ ಎಂದು. ಇಲ್ಲೇ ಎನ್ನಲು ‘ಕಿನ್ ನೀ’, ಮನೆಗೆ ಎನ್ನಲು ‘ಕ್ಲಪ್ ಬಾನ್’. ಆಮೇಲೆ ತಟ್ಟೆಗೆ ಅನ್ನ ಹಾಕಿಕೊಂಡು ಸೌಟು ಹಿಡಿದು ಕಾಯುತ್ತಾರೆ. ಬೇಕಾದುದನ್ನು ಒಂದೊಂದಾಗಿ ತೋರಿಸಿ. ಅನ್ನದ ಮೇಲೆ ಎರಡು ಬಗೆ ಹಾಕಿಸಿಕೊಂಡರೆ ‘ಸೋಂಗ್ ಯಾಂಗ್’, ಮೂರಾದರೆ ‘ಸಾಮ್ ಯಾಂಗ್’; ಬೆಲೆ ಬಗೆಯ ಎಣಿಕೆಯ ಮೇಲೆ ಏರುತ್ತದೆ. ಸಾಧಾರಣ ಅಂಗಡಿಯಲ್ಲಿ ಒಂದು ತಟ್ಟೆಗೆ 40ರಿಂದ 60 ಬಹ್ತ್ ಇರುವುದುಂಟು. ಎಂದಿನ ಪ್ರಮಾಣಕ್ಕೆ ‘ಥಮ್ಮದಾ’, ಹೆಚ್ಚು ಬೇಕಾದರೆ ‘ಫಿಸೇತ್’. ಮೊದಲನೆಯದು ‘ಧರ್ಮತಾ’ ಎಂಬುದರಿಂದ ಬಂದದ್ದು, ಎರಡನೆಯದು ನಮ್ಮ ‘ವಿಶೇಷ’.

ಮೇಲೋಗರಗಳನ್ನು ಆರಿಸುವುದು

ನಿಜವಾಗಿ ಕಲಿಯಬೇಕಾದ ವಿದ್ಯೆ ಇದು. ಥಾಯ್ ಊಟದಲ್ಲಿ ಅನ್ನವೇ ಊಟ. ಉಳಿದದ್ದೆಲ್ಲವನ್ನೂ ‘ಕಪ್ ಖಾವ್’ ಎನ್ನುತ್ತಾರೆ, ಅಂದರೆ ಅನ್ನದ ಜೊತೆಗಿರುವುದು. ಇದಕ್ಕೆ ಕನ್ನಡದಲ್ಲಿ ‘ಮೇಲೋಗರ’ ಎಂಬ ಹಳೆಯ, ಸರಿಸಮನಾದ ಪದವಿದೆ. ಒಂದೇ ಮೇಲೋಗರವನ್ನು ಹೊಟ್ಟೆ ತುಂಬ ತಿನ್ನಬೇಕೆಂದು ಅಲ್ಲಿಯ ಅಡುಗೆಯನ್ನು ಯಾರೂ ರೂಪಿಸಿಲ್ಲ. ಉಪ್ಪು, ಖಾರ, ಹುಳಿ, ಸಿಹಿ ಒಂದೊಂದರಲ್ಲಿ ಒಂದೊಂದು ಮೇಲಾಗಿರುತ್ತದೆ. ಅವು ಒಂದನ್ನೊಂದು ತಡೆದು ನಿಲ್ಲಿಸುವಂತೆ ಜೋಡಿಸುವುದು ಉಣ್ಣುವವರ ಕೆಲಸ. ಹಸಿರು ಗಸಿ, ಕೆಂಪು ಗಸಿ ಎಂದು ಎರಡೂ ತೆಂಗಿನಹಾಲಿನವನ್ನೇ ಹಾಕಿಸಿಕೊಂಡವರು ಅರ್ಧ ತಟ್ಟೆಗೇ ಸಾಕೆನ್ನುವುದನ್ನು ನಾನು ಅನೇಕ ಸಲ ಕಂಡಿದ್ದೇನೆ. ಅಲ್ಲಿ ಕೆಟ್ಟದ್ದು ಆಯ್ಕೆ, ಅಡುಗೆಯಲ್ಲ.

ಹೇಗೆ ಜೋಡಿಸಬೇಕು? ಮೊದಲು ಒಂದು ತೀಕ್ಷ್ಣವಾದುದನ್ನು ಆರಿಸಿ. ತೆಂಗಿನಹಾಲಿನ ‘ಕ್ಯಾಂಗ್ ಖಿಯಾವ್ ವಾನ್’ ಎಂಬ ಹಸಿರು ಗಸಿ ಆಗಬಹುದು, ಅಥವಾ ತೆಂಗಿಲ್ಲದೆ ಹುಣಸೆಹಣ್ಣಿನಲ್ಲಿ ಕುದಿಸಿದ ತೆಳ್ಳನೆಯ ‘ಕ್ಯಾಂಗ್ ಸೊಮ್’ ಆಗಬಹುದು. ಅದಕ್ಕೆ ಎದುರಾಗಿ ಖಾರವೇ ಇಲ್ಲದ ಒಂದು ಬೇಕು. ಸೋಯಾ ರಸ ಮತ್ತು ಚಕ್ಕೆ, ಚಕ್ರಮೊಗ್ಗಿನಂಥ ಸಾಂಬಾರ ಪದಾರ್ಥಗಳಲ್ಲಿ ಹಂದಿಮಾಂಸದೊಡನೆ ನಿಧಾನವಾಗಿ ಬೇಯಿಸಿದ ಕಂದುಬಣ್ಣದ ಮೊಟ್ಟೆ, ‘ಖೈ ಫಲೋ’, ಸಿಹಿಗೂಡಿದ ಸೌಮ್ಯ ಅಡುಗೆ. ಅದಿಲ್ಲದಿದ್ದರೆ ಸೋಯಾಗಿಣ್ಣು (ಟೋಫು), ಎಲೆಕೋಸು, ಗಾಜಿನಂಥ ಶಾವಿಗೆ ಹಾಕಿದ ತಿಳಿಸಾರು ‘ಕ್ಯಾಂಗ್ ಚ್ಯೂದ್’ ಇರುತ್ತದೆ. ಆ ಹೆಸರಿನ ಅರ್ಥವೇ ಸಪ್ಪೆ ಸಾರು ಎಂದು, ಮತ್ತು ಆ ಸಪ್ಪೆತನ ಬೇಕೆಂದೇ ಮಾಡಿದ್ದು. ಮೂರನೆಯದು ಗರಿಗರಿಯಾದದ್ದು ಅಥವಾ ಸೊಪ್ಪಿನದು: ಕರಿದ ಮೀನು, ಇಲ್ಲವೇ ನೀರಿನಲ್ಲಿ ಬೆಳೆಯುವ ಟೊಳ್ಳು ದಂಟಿನ ಸೊಪ್ಪನ್ನು ದೊಡ್ಡ ಉರಿಯಲ್ಲಿ ಬೆಳ್ಳುಳ್ಳಿಯೊಡನೆ ಕ್ಷಣಾರ್ಧದಲ್ಲಿ ಬಾಡಿಸಿದ ಪಲ್ಯ. ಒಬ್ಬರೇ ಹೋದರೆ ಒಂದು ತೀಕ್ಷ್ಣ, ಒಂದು ಸೌಮ್ಯ, ಇಷ್ಟೇ ಸಾಕು. ಸಂದೇಹವಿದ್ದರೆ ಒಂದು ಗಸಿಯ ಜೊತೆಗೆ ‘ಖೈ ಚಿಯಾವ್’, ಅಂದರೆ ಅಂಚು ಗರಿಗರಿಯಾಗುವಂತೆ ಬಿಸಿ ಎಣ್ಣೆಯಲ್ಲಿ ಉಬ್ಬಿಸಿದ ಮೊಟ್ಟೆಯ ದೋಸೆ ಹಾಕಿಸಿಕೊಳ್ಳಿ. ಆ ಜೋಡಿ ಕೆಟ್ಟದ್ದನ್ನು ನಾನು ಕಂಡಿಲ್ಲ.

ನಾಲ್ಕೈದು ಜನ ಒಟ್ಟಾಗಿ ಹೋದಾಗ ಪ್ರತಿಯೊಬ್ಬರೂ ಪ್ರತ್ಯೇಕ ತಟ್ಟೆ ಕಟ್ಟಿಸಿಕೊಳ್ಳುವುದಕ್ಕಿಂತ, ಅನ್ನವನ್ನು ಮಾತ್ರ ಬೇರೆಬೇರೆ ತರಿಸಿ ಮೇಲೋಗರಗಳನ್ನು ಬಟ್ಟಲುಗಳಲ್ಲಿ ನಡುವೆ ಇರಿಸಿ ಹಂಚಿಕೊಳ್ಳುವುದು ಅಲ್ಲಿಯ ರೀತಿ. ಜನರ ಎಣಿಕೆಗಿಂತ ಒಂದು ಬಗೆ ಹೆಚ್ಚು ಹೇಳಿದರೆ ಸರಿಹೋಗುತ್ತದೆ. ಅಂಥ ಊಟದಲ್ಲಿ ‘ನಾಮ್ ಫ್ರಿಕ್’ ಇದ್ದರೆ ಬಿಡಬೇಡಿ. ಒಣ ಅಥವಾ ಹಸಿ ಮೆಣಸಿನಕಾಯಿಯನ್ನು ಬೆಳ್ಳುಳ್ಳಿ, ಸೀಗಡಿಯ ಹಿಂಡಿಗಳೊಡನೆ ಒರಳಲ್ಲಿ ಕುಟ್ಟಿ ಮಾಡುವ ಈ ಗಟ್ಟಿ ಚಟ್ನಿಯೇ ಥಾಯ್ ಮನೆಯಡುಗೆಯ ಜೀವ ಎಂದು ನಾನು ತಿಳಿದಿದ್ದೇನೆ, ಮತ್ತು ಹೋಟೆಲುಗಳ ಇಂಗ್ಲಿಷ್ ಮೆನುಗಳಲ್ಲಿ ಅದು ಎಲ್ಲಕ್ಕಿಂತ ಅಪರೂಪ. ಬೇಯಿಸಿದ ಮತ್ತು ಹಸಿ ತರಕಾರಿಗಳನ್ನು, ಕರಿದ ‘ಪ್ಲಾ ಥೂ’ ಮೀನನ್ನು ಅದರೊಡನೆ ನೆಂಚಿಕೊಳ್ಳುತ್ತಾರೆ. ಪ್ಲಾ ಥೂ ನಮ್ಮ ಕರಾವಳಿಯ ಬಂಗುಡೆಯ ಕುಲಕ್ಕೇ ಸೇರಿದ ಮೀನು. ಮಾರುಕಟ್ಟೆಗಳಲ್ಲಿ ಸಣ್ಣ ಬಿದಿರಿನ ಬುಟ್ಟಿಗಳಲ್ಲಿ ಕತ್ತು ಬಗ್ಗಿಸಿ ಜೋಡಿಸಿಟ್ಟಿರುವುದನ್ನು ನೋಡಬಹುದು. ಮಂಗಳೂರು, ಉಡುಪಿ, ಕಾರವಾರದ ಕಡೆಯವರಿಗೆ ಈ ತಟ್ಟೆಯ ಮುಂದೆ ಪರಕೀಯತೆ ಬಹಳ ಹೊತ್ತು ಉಳಿಯುವುದಿಲ್ಲ.

ಚಮಚ, ಫೋರ್ಕ್ ಮತ್ತು ನಡುವಿನ ಚಮಚ

ಬಲಗೈಯಲ್ಲಿ ಚಮಚ, ಎಡಗೈಯಲ್ಲಿ ಫೋರ್ಕ್. ಬಾಯಿಗೆ ಹೋಗುವುದು ಚಮಚ ಮಾತ್ರ. ಅನ್ನವನ್ನು ಅದರೊಳಕ್ಕೆ ದೂಡುವುದು ಫೋರ್ಕಿನ ಕೆಲಸ. ಚಾಕು ಇರುವುದಿಲ್ಲ, ಏಕೆಂದರೆ ಎಲ್ಲವನ್ನೂ ಅಡುಗೆಮನೆಯಲ್ಲೇ ಹೆಚ್ಚಿರುತ್ತಾರೆ. ಚಾಪ್‌ಸ್ಟಿಕ್ ನೂಡಲ್ಸ್‌ಗೆ ಮಾತ್ರ, ಅನ್ನಕ್ಕೆ ಅದನ್ನು ಕೇಳುವುದು ಅಲ್ಲಿಯವರಿಗೆ ವಿಚಿತ್ರವಾಗಿ ಕಾಣುತ್ತದೆ. ಈಶಾನ್ಯ ಪ್ರಾಂತದ ಅಂಟನ್ನವನ್ನು ಕೈಯಿಂದ ಉಂಡೆ ಮಾಡಿ ತಿನ್ನುತ್ತಾರೆ. 19ನೆಯ ಶತಮಾನದವರೆಗೂ ಥಾಯ್ ಜನ ಅನ್ನವನ್ನು ಕೈಯಿಂದಲೇ ಉಣ್ಣುತ್ತಿದ್ದರು. ಚಮಚ, ಫೋರ್ಕ್‌ಗಳು ಅರಮನೆಯಿಂದ ಹೊರಬಂದು ಎಲ್ಲರ ಮನೆಗೂ ತಲುಪಿದವು.

ನಮ್ಮಂತೆ ಅನ್ನವನ್ನೆಲ್ಲ ಒಂದೇ ಸಲ ಕಲಸಿಕೊಳ್ಳಬಾರದು. ಒಂದು ಮೇಲೋಗರದಿಂದ ಒಂದೆರಡು ಚಮಚ ಅನ್ನದ ಅಂಚಿಗೆ ಹಾಕಿಕೊಂಡು, ಅಷ್ಟನ್ನು ತುತ್ತು ತುತ್ತಾಗಿ ಉಂಡು ಮುಗಿಸಿ, ಆಮೇಲೆ ಇನ್ನೊಂದಕ್ಕೆ ಕೈಹಾಕಬೇಕು. ಎಲ್ಲ ಬಗೆಯನ್ನೂ ಮೊದಲಿಗೇ ತಟ್ಟೆಯಲ್ಲಿ ರಾಶಿ ಹಾಕಿಕೊಳ್ಳುವುದನ್ನು ಆಸೆಬುರುಕತನವೆಂದು ಕಾಣುತ್ತಾರೆ, ರುಚಿಯೂ ಒಂದರೊಳಗೊಂದು ಕಲೆತು ಹಾಳಾಗುತ್ತದೆ. ಬಟ್ಟಲಿನಿಂದ ಬಡಿಸಿಕೊಳ್ಳಲು ‘ಛೋನ್ ಕ್ಲಾಂಗ್’ ಎಂಬ ನಡುವಿನ ಚಮಚ ಇರುತ್ತದೆ, ಇಲ್ಲದಿದ್ದರೆ ಕೇಳಿ ತರಿಸಿಕೊಳ್ಳಬಹುದು. ‘ಬಿಸಿಯಾಗಿ ಉಣ್ಣಿ, ನಡುವಿನ ಚಮಚ ಬಳಸಿ, ಕೈ ತೊಳೆಯಿರಿ’ ಎಂಬುದು ಅಲ್ಲಿಯ ಆರೋಗ್ಯ ಇಲಾಖೆ ಜನರಿಗೆ ಬಹುಕಾಲದಿಂದ ಹೇಳಿಕೊಂಡು ಬಂದ ಮಾತು. ಎಂಜಲಿನ ವಿಷಯದಲ್ಲಿ ಸೂಕ್ಷ್ಮರಾದ ನಮ್ಮ ಹಿರಿಯರನ್ನು ಕರೆದೊಯ್ದಾಗ ಈ ಒಂದು ಪದ ಬಹಳ ನೆಮ್ಮದಿ ಕೊಡುತ್ತದೆ.

ಮೇಜಿನ ಮೇಲೆ ಮೀನಿನ ರಸದಲ್ಲಿ ತೇಲುವ ಹಸಿಮೆಣಸಿನ ಚೂರುಗಳ ಸಣ್ಣ ಬಟ್ಟಲು, ‘ಫ್ರಿಕ್ ನಾಮ್ ಪ್ಲಾ’, ಇರುತ್ತದೆ. ಅದು ಉಪ್ಪಿನ ಬದಲಿಗೆ. ರುಚಿ ನೋಡುವ ಮೊದಲು ಅದನ್ನು ಮುಟ್ಟಬೇಡಿ. ಸಕ್ಕರೆ, ಒಣಮೆಣಸಿನ ಪುಡಿ, ಹುಳಿಯಲ್ಲಿ ನೆನೆಸಿದ ಮೆಣಸು ಮತ್ತು ಈ ಫ್ರಿಕ್ ನಾಮ್ ಪ್ಲಾ ಸೇರಿದ ನಾಲ್ಕರ ಗೂಡು ಮುಖ್ಯವಾಗಿ ನೂಡಲ್ಸ್ ಅಂಗಡಿಗೆ ಸೇರಿದ್ದು. ಅಲ್ಲಿ ಅವನ್ನು ಬೆರೆಸಿಕೊಳ್ಳುವುದು ಉಣ್ಣುವವರ ಹಕ್ಕು, ಅಡುಗೆಯವರಿಗೆ ಅವಮಾನವಲ್ಲ.

ಸಸ್ಯಾಹಾರಿಗಳು ತಿಳಿದಿರಬೇಕಾದುದು

ಈ ಭಾಗವನ್ನು ಮುಚ್ಚುಮರೆಯಿಲ್ಲದೆ ಬರೆಯಬೇಕು, ಏಕೆಂದರೆ ಇಲ್ಲಿ ಅರ್ಧ ತಿಳಿದು ಹೋದವರು ಮೋಸಹೋಗುತ್ತಾರೆ. ಸಾಮಾನ್ಯ ಖಾವ್ ಕ್ಯಾಂಗ್ ಅಂಗಡಿಯಲ್ಲಿ ತರಕಾರಿಯಂತೆ ಕಾಣುವುದರಲ್ಲಿ ಹೆಚ್ಚಿನವು ಸಸ್ಯಾಹಾರವಲ್ಲ. ಗಸಿಗಳಿಗೆ ಅರೆಯುವ ಮಸಾಲೆಯಲ್ಲೇ ‘ಕಪಿ’ ಇರುತ್ತದೆ. ಉಪ್ಪು ಹಾಕಿದ ಸಣ್ಣ ಸೀಗಡಿಗಳನ್ನು ಹುದುಗಿಸಿ ಮಾಡಿದ ಹಿಂಡಿ ಅದು. ಉಪ್ಪಿನ ಕೆಲಸ ಮಾಡುವುದು ‘ನಾಮ್ ಪ್ಲಾ’, ಅಂದರೆ ಸಣ್ಣ ಮೀನುಗಳನ್ನು ಉಪ್ಪಿನಲ್ಲಿ ತಿಂಗಳುಗಟ್ಟಲೆ ಹುದುಗಿಸಿ ಬಸಿದ ರಸ. ಸೊಪ್ಪಿನ ಪಲ್ಯಕ್ಕೆ ಸಿಂಪಿಯ ರಸ ಬೀಳುತ್ತದೆ, ತಿಳಿಸಾರಿನ ನೀರು ಹಂದಿಯ ಮೂಳೆ ಬೇಯಿಸಿದ್ದು. ಮಾಂಸದ ತುಂಡುಗಳನ್ನು ಬದಿಗೆ ಸರಿಸಿ ಉಂಡರಾಯಿತು ಎನ್ನುವವರಿಗೆ ಇದೆಲ್ಲ ಅಡ್ಡಿಯಲ್ಲ. ನಿಷ್ಠೆಯಿಂದ ಸಸ್ಯಾಹಾರ ಪಾಲಿಸುವವರು ಅಂಥ ಅಂಗಡಿಯಲ್ಲಿ ಬಿಳಿ ಅನ್ನ, ಸೌತೆಕಾಯಿ ಬಿಟ್ಟು ಬೇರೇನನ್ನೂ ನಂಬಬಾರದು.

ಭಾಷೆಯಲ್ಲೂ ಒಂದು ತೊಡಕಿದೆ. ಮಾಂಸ ಬೇಡವೆನ್ನಲು ನಿಘಂಟು ನೋಡಿ ‘ಮೈ ಸೈ ನುಯಾ’ ಎಂದರೆ ಗೋಮಾಂಸ ಹಾಕಬೇಡಿ ಎಂದಷ್ಟೇ ಅವರು ತಿಳಿದುಕೊಂಡು, ಹಂದಿಯನ್ನೋ ಕೋಳಿಯನ್ನೋ ಹಾಕಬಹುದು. ‘ಮೈ ಸೈ ನುಯಾ ಸತ್’ ಎನ್ನಬೇಕು, ಯಾವ ಪ್ರಾಣಿಯ ಮಾಂಸವನ್ನೂ ಹಾಕಬೇಡಿ ಎಂದು. ಅದರ ಜೊತೆಗೆ ‘ಮೈ ಸೈ ನಾಮ್ ಪ್ಲಾ’ ಎಂದೂ ಬೇರೆಯಾಗಿ ಹೇಳಬೇಕು, ಏಕೆಂದರೆ ಮೀನಿನ ರಸವನ್ನು ಮಾಂಸವೆಂದು ಎಣಿಸುವುದು ಅನೇಕರಿಗೆ ತೋಚುವುದೇ ಇಲ್ಲ. ‘ಮಂಗ್‌ಸವಿರತ್’ ಎಂಬ ಪದ ನಮ್ಮ ಕಿವಿಗೆ ತಟ್ಟನೆ ತಿಳಿಯುತ್ತದೆ: ಮಾಂಸ, ವಿರತಿ. ಆದರೆ ಅದರಲ್ಲಿ ಮೊಟ್ಟೆ, ಹಾಲು ಸೇರಿರಬಹುದು.

ಖಚಿತವಾದ ಪದ ‘ಚೇ’. ಇಂಗ್ಲಿಷ್ ಫಲಕಗಳಲ್ಲಿ ಇದನ್ನು ಜೇ ಎಂದು ಓದುವಂತೆಯೂ ಬರೆದಿರುತ್ತಾರೆ. ಚೀನೀ ಬೌದ್ಧ ಆಚರಣೆಯಿಂದ ಬಂದ ಈ ಪಥ್ಯದಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ; ಬೆಳ್ಳುಳ್ಳಿ, ಈರುಳ್ಳಿಯಂಥ ಘಾಟಿನ ಪದಾರ್ಥಗಳೂ ಇಲ್ಲ. ಈರುಳ್ಳಿ, ಬೆಳ್ಳುಳ್ಳಿ ತಿನ್ನದ ನಮ್ಮ ಮಾಧ್ವ, ಜೈನ ಮನೆಗಳವರಿಗೆ ಇದಕ್ಕಿಂತ ಹೊಂದುವ ಅಂಗಡಿಯನ್ನು ಹೊರದೇಶದಲ್ಲಿ ಕಾಣುವುದು ಕಷ್ಟ. ಆದರೂ ಮೂಲಂಗಿ, ಗೆಡ್ಡೆಗಳನ್ನು ಬಿಟ್ಟವರು ಅವನ್ನು ಬೇರೆಯಾಗಿ ವಿಚಾರಿಸಬೇಕು. ಗುರುತು ಸುಲಭ: ಹಳದಿ ಬಾವುಟದ ಮೇಲೆ ಕೆಂಪು ಬಣ್ಣದಲ್ಲಿ, ದೂರದಿಂದ 17 ಎಂಬ ಅಂಕಿಯಂತೆ ಕಾಣುವ ಎರಡು ಅಕ್ಷರ. ಚೀನೀ ಪಂಚಾಂಗದ ಒಂಬತ್ತನೆಯ ತಿಂಗಳ ಮೊದಲ ಒಂಬತ್ತು ದಿನ, ಅಂದರೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಒಳಗೆ, ಈ ಪಥ್ಯದ ಹಬ್ಬ ನಡೆಯುತ್ತದೆ. ಬ್ಯಾಂಕಾಕ್‌ನ ಚೀನೀಯರ ಬೀದಿಯಾದ ಯಾವರಾತ್‌ನಲ್ಲಿಯೂ ಫುಕೇಟ್‌ನಲ್ಲಿಯೂ ಆಗ ಹಳದಿ ಬಾವುಟಗಳ ಸಾಲೇ ಇರುತ್ತದೆ. ಉಳಿದ ದಿನಗಳಲ್ಲೂ ಚೀನೀ ಗುಡಿಗಳ ಮತ್ತು ಮಾರುಕಟ್ಟೆಗಳ ಹತ್ತಿರ ಖಾಯಂ ಚೇ ಅಂಗಡಿಗಳಿವೆ, ಅವೂ ಖಾವ್ ಕ್ಯಾಂಗ್ ಮಾದರಿಯಲ್ಲೇ ಬೋಗುಣಿಗಳನ್ನು ಜೋಡಿಸಿಟ್ಟಿರುತ್ತವೆ. ಅಲ್ಲಿ ಮೀನಿನ ತುಂಡು, ಹಂದಿಯ ಹೋಳು ಕಂಡಂತಾದರೆ ಗಾಬರಿಪಡಬೇಡಿ. ಅವು ಸೋಯಾ ಮತ್ತು ಗೋಧಿಯ ಅಂಟಿನಿಂದ ಆ ರೂಪಕ್ಕೆ ಮಾಡಿದವು. ಆ ಆಕಾರವೇ ಮನಸ್ಸಿಗೆ ಒಗ್ಗದಿದ್ದರೆ ಅಣಬೆ, ಸೋಯಾಗಿಣ್ಣು, ಕುಂಬಳಕಾಯಿಯ ಬಗೆಗಳು ಧಾರಾಳವಾಗಿವೆ.

ಮೊಟ್ಟೆ ತಿನ್ನುವವರಿಗೆ ಹೇಳಿದಂತೆ ಮಾಡಿಕೊಡುವ ಅಂಗಡಿಯಲ್ಲಿ ಇನ್ನೊಂದು ದಾರಿಯಿದೆ. ಸೋಯಾ ರಸ ಮಾತ್ರ ಹಾಕಿ ಮೊಟ್ಟೆಯ ದೋಸೆ, ತರಕಾರಿ ಹುರಿದನ್ನ ಮಾಡಿಕೊಡಲು ಕೇಳಬಹುದು. ಅಂಗಡಿ ಖಾಲಿಯಿರುವಾಗ ಕೇಳಿದರೆ ಬಾಣಲೆ ತೊಳೆದೇ ಮಾಡಿಕೊಡುತ್ತಾರೆ. ಊಟದ ನೂಕುನುಗ್ಗಲಿನಲ್ಲಿ ಆ ಉಪಕಾರವನ್ನು ಕೇಳುವುದು ಸರಿಯಲ್ಲ.

ಅದೇ ಅಂಗಡಿಯ ಎಲ್ಲರ ಊಟವಾದ ‘ಫತ್ ಕಫ್ರಾವ್’ ಬಗ್ಗೆಯೂ ಒಂದು ಮಾತು. ಮಾಂಸವನ್ನು ಬೆಳ್ಳುಳ್ಳಿ, ಮೆಣಸಿನಕಾಯಿಯೊಡನೆ ಹುರಿದು, ಕೊನೆಗೆ ಕಫ್ರಾವ್ ಎಲೆ ಬಾಡಿಸಿ ಅನ್ನದ ಮೇಲೆ ಹಾಕಿ, ‘ಖೈ ದಾವ್’ ಅಂದರೆ ನಕ್ಷತ್ರ ಮೊಟ್ಟೆ ಎಂಬ, ಒಡೆದು ಎಣ್ಣೆಯಲ್ಲಿ ಕರಿದ ಮೊಟ್ಟೆಯನ್ನು ಮೇಲಿಡುತ್ತಾರೆ. ಈ ಕಫ್ರಾವ್ ನಮ್ಮ ಅಂಗಳದ ತುಳಸಿಯೇ, ಅದೇ ಜಾತಿಯ ಗಿಡ. ಪೂಜಿಸುವ ಎಲೆಯನ್ನು ಮಾಂಸದೊಡನೆ ಕಾಣಲು ಮನಸ್ಸು ಒಪ್ಪದವರು ಇದನ್ನು ಮೊದಲೇ ತಿಳಿದು ಬೇರೆಯದನ್ನು ಹೇಳಬಹುದು. ಹಸಿರು ಗಸಿಗೆ ಹಾಕುವ ‘ಹೊರಫಾ’ ಬೇರೆ, ಅದು ನಮ್ಮ ಕಾಮಕಸ್ತೂರಿ. ಖಾರದ ಪ್ರಮಾಣವನ್ನೂ ಇಲ್ಲಿ ಹೇಳಬಹುದು: ‘ಮೈ ಫೆತ್’ ಎಂದರೆ ಖಾರ ಬೇಡ, ‘ಫೆತ್ ನೋಯ್’ ಎಂದರೆ ಸ್ವಲ್ಪ ಖಾರ. ಬ್ಯಾಡಗಿ ಮೆಣಸಿನ ಕೆಂಪಿಗೆ ಒಗ್ಗಿದ ನಾಲಿಗೆಗೆ ಅಲ್ಲಿಯ ಸೂಜಿಮೆಣಸಿನ ಉರಿ ಬೇರೆಯದೇ ಅನುಭವವಾದ್ದರಿಂದ, ನಾವು ಖಾರ ತಿನ್ನುವವರೆಂಬ ಧೈರ್ಯದಲ್ಲಿ ಮೊದಲ ದಿನ ಹೆಚ್ಚು ಕೇಳದಿರುವುದು ಒಳಿತು.

ಹಲಾಲ್ ಊಟ ಬೇಕಾದವರು ಹಸಿರು ಫಲಕ, ಅರ್ಧಚಂದ್ರದ ಗುರುತಿರುವ ಮುಸ್ಲಿಮ್ ಅಂಗಡಿಗಳನ್ನು ಹುಡುಕಬೇಕು, ಏಕೆಂದರೆ ಉಳಿದೆಡೆ ಹಂದಿಮಾಂಸ ಮತ್ತು ಅದರ ಕೊಬ್ಬು ಸಾಮಾನ್ಯ. ಅಲ್ಲಿ ಸಿಗುವ ಹಳದಿ ಬಣ್ಣದ ‘ಖಾವ್ ಮೊಕ್’ ಬಿರಿಯಾನಿಯ ಬಳಗದ್ದು.

ಕೊನೆಗೆ

ನೀರು, ಮಂಜುಗಡ್ಡೆಯ ಲೋಟಗಳನ್ನು ಸಾಮಾನ್ಯವಾಗಿ ನಾವೇ ತೆಗೆದುಕೊಳ್ಳಬೇಕು. ನಡುವೆ ತೂತಿರುವ ಕೊಳವೆಯಾಕಾರದ ಮಂಜುಗಡ್ಡೆ ಕಾರ್ಖಾನೆಯಲ್ಲಿ ತಯಾರಾದದ್ದು. ಹೊಟ್ಟೆ ಸೂಕ್ಷ್ಮವಿರುವವರು ಮುಚ್ಚಿದ ಬಾಟಲಿ ಕೊಳ್ಳಲಿ. ಸಿಹಿ ಬೇಕೆನಿಸಿದರೆ ತೆಂಗಿನಹಾಲಿನಲ್ಲಿ ಬೆಂದ ಬಾಳೆಹಣ್ಣು, ‘ಕ್ಲೂಯ್ ಬುವತ್ ಛೀ’, ಇದೆಯೇ ನೋಡಿ. ಹಾಲಿನ ಬಿಳುಪು ಹೊದ್ದ ಬಾಳೆಹಣ್ಣಿಗೆ, ಬಿಳಿಯುಡುಗೆಯ ಸನ್ಯಾಸಿನಿಯ ದೀಕ್ಷೆ ಪಡೆದ ಬಾಳೆ ಎಂಬ ಹೆಸರಿಟ್ಟಿದ್ದಾರೆ. ಇದು ಸಸ್ಯಾಹಾರಿಗಳೂ ಸಂತೋಷದಿಂದ ಉಣ್ಣಬಹುದಾದದ್ದು.

ತಟ್ಟೆಯಲ್ಲಿ ಅನ್ನ ಬಿಡಬೇಡಿ. ಅನ್ನದ ದೇವತೆಯಾದ ಮೇ ಫೋಸೊಪ್‌ಗೆ ಅದು ಅಗೌರವವೆಂದು ಹಿರಿಯರು ಅಲ್ಲಿ ಮಕ್ಕಳಿಗೆ ಹೇಳುತ್ತಾರೆ, ಅನ್ನಪೂರ್ಣೆಯ ಹೆಸರಿನಲ್ಲಿ ನಮಗೆ ಹೇಳಿದಂತೆಯೇ. ಕಡಿಮೆ ಹಾಕಿಸಿಕೊಂಡು ಮತ್ತೆ ಕೇಳುವುದರಲ್ಲಿ ಸಂಕೋಚವಿಲ್ಲ.

ಹಣವನ್ನು ಉಂಡಾದ ಮೇಲೆ ಕೊಡುವುದು ರೂಢಿ. ‘ಫೀ, ಕೆಪ್ ತಂಗ್’ ಎಂದರೆ ಬಂದು ತಟ್ಟೆ ನೋಡಿ ಲೆಕ್ಕ ಹೇಳುತ್ತಾರೆ. ಅಲ್ಲಿಯವರು ಫೋನಿನಲ್ಲಿ ಸ್ಕ್ಯಾನ್ ಮಾಡಿ ಕೊಡುತ್ತಾರೆ, ಹೊರಗಿನಿಂದ ಬಂದವರು 20, 50, 100 ಬಹ್ತ್‌ನ ಚಿಲ್ಲರೆ ನೋಟು ಇಟ್ಟುಕೊಂಡಿರಬೇಕು. ಬೆಳಗ್ಗೆಯೇ 1000ದ ನೋಟು ಚಾಚಿದರೆ ಸಣ್ಣ ಅಂಗಡಿಗೆ ಅದು ಕಷ್ಟ. ನೋಟಿನ ಮೇಲೆ ರಾಜರ ಚಿತ್ರವಿರುವುದರಿಂದ ಕೆಳಗೆ ಬಿದ್ದ ನೋಟನ್ನು ಕಾಲಿನಿಂದ ತಡೆಯಬಾರದು. ಟಿಪ್ಸ್ ಅಲ್ಲಿ ಯಾರೂ ನಿರೀಕ್ಷಿಸುವುದಿಲ್ಲ.

ಮೆಚ್ಚಿದ ಮೇಲೋಗರವನ್ನು ರಾತ್ರಿಗೂ ಬೇಕೆಂದರೆ ಆ ಬೋಗುಣಿಯನ್ನು ತೋರಿಸಿ ‘ಸೈ ಥುಂಗ್’ ಎನ್ನಿ. ಚೀಲಕ್ಕೆ ಗಸಿ ಸುರಿದು, ಒಳಗೆ ಗಾಳಿ ಹಿಡಿದು ಉಬ್ಬಿಸಿ, ರಬ್ಬರ್ ಬ್ಯಾಂಡನ್ನು ಎರಡು ಬೆರಳಲ್ಲಿ ತಿರುಗಿಸಿ ಕಣ್ಣುಮಿಟುಕುವಷ್ಟರಲ್ಲಿ ಕಟ್ಟಿಕೊಡುತ್ತಾರೆ. ಬಿಚ್ಚುವಾಗ ರಬ್ಬರನ್ನು ಎಳೆಯಬೇಡಿ, ಗಂಟು ಬಿಗಿಯುತ್ತದೆ. ಸುತ್ತಿನ ಕೊನೆಯ ಸಡಿಲ ಎಳೆಯನ್ನು ಹುಡುಕಿ ಹಿಡಿದು ಹಿಂದಕ್ಕೆ ತಿರುಗಿಸಿದರೆ ಒಂದು ಹನಿಯೂ ಚೆಲ್ಲದೆ ಬಿಚ್ಚಿಕೊಳ್ಳುತ್ತದೆ.